ಕಂಪ್ಯೂಟರಿನ ಹೊಟ್ಟೆಯಲ್ಲಿ ಮದ್ದು

ಕಂಪ್ಯೂಟರಿನ ಮುಂದೆ ಹಾದುಹೋಗುವಾಗ ನಾನು ಈಗಲೂ ಸೆರಗು ಸರಿಮಾಡಿಕೊಳ್ಳುತ್ತೇನೆ. ಅದಕ್ಕೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ ಎಂದು ನಿಮ್ಮಮ್ಮ ನೂರು ಸಲ ಹೇಳಿದ್ದಾಳೆ. ಅವಳ ಮಾತನ್ನು ನಾನು ನಂಬುತ್ತೇನೆ. ನನ್ನ ಕೈ ನಂಬುವುದಿಲ್ಲ. ಯಾರೋ ಹಿರಿಯರು ಬಂದು ಕೂತಿದ್ದಾರೆ ಎಂಬಂತೆ ಅದು ತಾನಾಗಿಯೇ ಸೆರಗಿಗೆ ಹೋಗುತ್ತದೆ. ಮೊನ್ನೆ ನೀವಿಬ್ಬರೂ ಅದನ್ನು ನೋಡಿ ಬಾಯಿ ಮುಚ್ಚಿಕೊಂಡು ನಕ್ಕಿರಿ. ನಗುವುದಾದರೆ ಪೂರ್ತಿ ತಿಳಿದುಕೊಂಡೇ ನಗಲಿ ಎಂದು ಇದನ್ನು ಬರೆಯಲು ಕೂತಿದ್ದೇನೆ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಎದುರಿಗೆ ಯಾರಾದರೂ ಕಣ್ಣಿಟ್ಟು ನೋಡುತ್ತಿದ್ದರೆ, ಅವರು ಮೊಮ್ಮಕ್ಕಳೇ ಆಗಿರಲಿ, ಮಾತು ಗಂಟಲಿನವರೆಗೆ ಬಂದು ವಾಪಸು ಹೋಗುತ್ತದೆ. ಕಾಗದವಾದರೆ ನನ್ನನ್ನು ನೋಡುವುದಿಲ್ಲ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳ ಬರವಣಿಗೆ ಇದು. ಕೊಂಬು, ದೀರ್ಘ ತಪ್ಪಿದ್ದರೆ ತಿದ್ದಿಕೊಂಡು ಓದಿ.

ಕೂತಲ್ಲಿ ಕೂರುವವಳೂ ನಾನಲ್ಲ. ಎರಡು ಸಾಲು ಬರೆದರೆ ಒಲೆಯ ಮೇಲೆ ಏನೋ ಇಟ್ಟು ಬಂದಿದ್ದೇನೆ ಅನ್ನಿಸುತ್ತದೆ. ಎದ್ದು ಹೋಗಿ ನೋಡಿದರೆ ಒಲೆ ತಣ್ಣಗಿರುತ್ತದೆ. ಮತ್ತೆ ಬಂದು ಕೂತರೆ ಹಿತ್ತಲ ಬಾಗಿಲು ಹಾಕಿದೆನೋ ಇಲ್ಲವೋ ಎಂಬ ಅನುಮಾನ. ಈ ಚಡಪಡಿಕೆ ನನಗೆ ಹುಟ್ಟಿನಿಂದ ಬಂದದ್ದಲ್ಲ. ನಮ್ಮ ಕಡೆಗೆ ಫ್ಯಾಕ್ಟರಿಗಳ ಗಾಳಿ ಬೀಸತೊಡಗಿದ ಕಾಲದಲ್ಲಿ ಅಂಟಿಕೊಂಡದ್ದು. ಆಗ ಊರಿಗೆ ಊರೇ ಹೀಗಿತ್ತು. ಬೆಳಗ್ಗೆ ಎದ್ದರೆ ಯಾರದೋ ಹೊಲದ ಬದುವಿನಲ್ಲಿ ಗುರುತು ಪರಿಚಯ ಇಲ್ಲದವರು ನಿಂತು ಬೊಟ್ಟು ಮಾಡಿ ಏನನ್ನೋ ತೋರಿಸುತ್ತಿರುತ್ತಿದ್ದರು. ನಿನ್ನೆ ಇಲ್ಲದ ಅಳತೆಯ ಬಿಳಿ ಕಲ್ಲು ಇವತ್ತು ಇರುತ್ತಿತ್ತು. ನಮ್ಮ ಅಕ್ಕೂರಿಗೆ ಬಿಡದಿಯೇನೂ ಹತ್ತಿರವಲ್ಲ. ಆದರೂ ಅಲ್ಲಿ ಒಂದು ಫ್ಯಾಕ್ಟರಿಯ ಗೇಟು ತೆರೆದರೆ ಇಲ್ಲಿ ನಮ್ಮ ಎದೆ ಡವಗುಟ್ಟುತ್ತಿತ್ತು. ಹುಡುಗರು ಒಂದೇ ಬಣ್ಣದ ಅಂಗಿ ತೊಟ್ಟು ಕಂಪನಿ ಬಸ್ಸಿಗೆ ಕಾಯುತ್ತಿದ್ದರು. ನನ್ನ ಮಗ, ನಿಮ್ಮಪ್ಪನೂ ಅವರಲ್ಲೊಬ್ಬ.

ಕಂಪ್ಯೂಟರನ್ನು ಮನೆಗೆ ತಂದವನೂ ಅವನೇ. ಬಿಡದಿಯ ಯಾವುದೋ ಆಫೀಸಿನವರು ಹಳೆಯ ಕಂಪ್ಯೂಟರುಗಳನ್ನು ತೆಗೆದುಹಾಕುತ್ತಿದ್ದರಂತೆ; ಒಂದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದ. ಅದು ನಿಮ್ಮಮ್ಮ ಸವಿತಳಿಗಾಗಿ. ಅವಳು ರಾಮನಗರದ ಹುಡುಗಿ, ಮದುವೆಗೆ ಮುಂಚೆ ಕಂಪ್ಯೂಟರ್ ಕಲಿತವಳು. ಹೆಣ್ಣು ನೋಡಲು ಹೋದಾಗ ಒಡವೆ ಕೇಳಲಿಲ್ಲ, ಸೀರೆ ಕೇಳಲಿಲ್ಲ. "ಕಲ್ತಿರೋದನ್ನ ಬಿಡಕ್ಕೆ ಹೇಳ್ಬಾರ್ದು" ಎಂದಷ್ಟೇ ತಾಯಿಯ ಕೈಲಿ ಹೇಳಿಸಿದ್ದಳು. ಹಾಗಾಗಿ ಕಂಪ್ಯೂಟರು ಪಡಸಾಲೆಯ ಮೂಲೆಯಲ್ಲಿ ಕೂತಿತು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತಿದ್ದ ಊರಿನ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಅದರ ಮುಂದೆ ಕೂತರು. ಚನ್ನಪಟ್ಟಣಕ್ಕೆ ಕಳಿಸಿ ಕಲಿಸಲು ಅವರ ಮನೆಗಳಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ಇದಾದರೆ ಪಕ್ಕದ ಬೀದಿ. ಟೈಪು ಬಂದರೆ ಫ್ಯಾಕ್ಟರಿಯಲ್ಲಿ ದಿನವಿಡೀ ನಿಂತು ಮಾಡುವ ಕೆಲಸದ ಬದಲು ಆಫೀಸಿನಲ್ಲಿ ಕೂತು ಮಾಡುವ ಕೆಲಸ ಸಿಗಬಹುದು ಎಂಬ ಆಸೆ ಅವರಿಗೆ. ಸಂಜೆಯ ಹೊತ್ತು ನಮ್ಮ ಜಗಲಿಯ ಕೆಳಗೆ ಚಪ್ಪಲಿಗಳ ರಾಶಿ. ನಿಮ್ಮಮ್ಮನ ನಡಿಗೆಯೇ ಆಗ ಬದಲಾಗಿತ್ತು. ನೀರಿನ ಬಿಂದಿಗೆ ಹೊತ್ತು ಬರುವಾಗಲೂ ಮೇಷ್ಟರ ಹಾಗೆ ಬರುತ್ತಿದ್ದಳು.

ಇನ್ನು ಮನೆಯ ಯಜಮಾನಿಕೆಯ ವಿಚಾರ. ನಿಮ್ಮ ತಾತ ಬೇಗ ಹೋದರು. ಆಮೇಲೆ ಎಲ್ಲವೂ ಅವರ ಅಣ್ಣನದು, ಅಂದರೆ ನೀವು ದೊಡ್ಡತಾತ ಎನ್ನುವವರು, ನನಗೆ ಭಾವ. ನಮ್ಮಲ್ಲಿ ಭಾವನ ಎದುರು ತಮ್ಮನ ಹೆಂಡತಿ ನಿಂತು ಮಾತಾಡುವ ಪದ್ಧತಿ ಇರಲಿಲ್ಲ. ಹೇಳಬೇಕಾದದ್ದನ್ನು ಕಂಬಕ್ಕೆ ಹೇಳಬೇಕು. "ನೀರು ಕಾದೈತೆ" ಎಂದು ನಾನು ಪಡಸಾಲೆಯ ಕಂಬಕ್ಕೆ ಹೇಳಿದರೆ ಭಾವ ಟವೆಲು ಹೆಗಲಿಗೆ ಹಾಕಿಕೊಂಡು ಏಳುತ್ತಿದ್ದರು. ಮಗು ಇದ್ದರೆ ಮಗುವಿಗೆ, ಕರು ಇದ್ದರೆ ಕರುವಿಗೆ ಹೇಳಿದರೂ ನಡೆಯುತ್ತಿತ್ತು. ಅವರು ಏನಾದರೂ ಕೇಳಬೇಕಿದ್ದರೆ ಅವರೂ ಕಂಬವನ್ನೇ ಕೇಳುತ್ತಿದ್ದರು. ನನ್ನಂಥ ನಾಚಿಕೆಯವಳಿಗೆ ಇದು ಬಹಳ ಅನುಕೂಲದ ಪದ್ಧತಿ. ಕಂಬ ಯಾವತ್ತೂ ತಿರುಗಿ ಮಾತಾಡಿ ನನ್ನನ್ನು ಬೆವರಿಸಿದ್ದಿಲ್ಲ.

ಕಂಪ್ಯೂಟರಿನ ಸುದ್ದಿ ಹುಟ್ಟಿದ್ದು ಡೈರಿಯಲ್ಲಿ. ನಮ್ಮ ಮನೆಯಿಂದ ನಾಲ್ಕು ಮನೆ ಆಚೆಗೆ ಹಾಲು ಹಾಕುವ ಡೈರಿ ಇದೆಯಲ್ಲ, ಅಲ್ಲಿ. ಒಂದು ಬೆಳಗ್ಗೆ ನಾನು ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದೆ. ಊರಿನ ಮನೆಗಳಿಗೆಲ್ಲ ಕರೆಂಟಿನ ಕೆಲಸ ಮಾಡುವ ನಾಗ ಗಂಡಸರ ಗುಂಪಿನಲ್ಲಿ ನಿಂತು ಹೇಳುತ್ತಿದ್ದ.

"ಅದು ಬರೀ ಟೈಪ್ ಮಾಡೋ ಮಿಷನ್ನು ಅನ್ಕೊಂಡಿದ್ದೀರಾ? ಅದರೊಳಗೆ ಒಂದು ಮಡಗವ್ರೆ ಕಣ್ರಪ್ಪ. ರಾಗಿ ಕಾಳ್ನಷ್ಟಿರ್ತದೆ. ಮನೇಲಿ ಆಡಿದ್ದನ್ನೆಲ್ಲ ಕೇಳಿಸ್ಕೊಂಡು ಕಳಿಸ್ತಾ ಇರ್ತದೆ."

"ಎಲ್ಲಿಗ್ಲಾ ಕಳಿಸ್ತದೆ?" ಎಂದು ಯಾರೋ ಕೇಳಿದರು.

"ಎಲ್ಲಿಗೆ ಅಂದ್ರೆ? ಮೇಲಕ್ಕೆ."

ಎಲ್ಲರೂ ಕತ್ತೆತ್ತಿ ನೋಡಿದರು. ಮೇಲೆ ಡೈರಿಯ ಶೀಟು ಮಾತ್ರ ಇತ್ತು.

"ನಿಂಗೆಂಗ್ಲಾ ಗೊತ್ತಾಯ್ತು?"

"ನಮ್ ಭಾಮೈದ ಬಿಡದೀಲವ್ನೆ," ಎಂದ ನಾಗ.

ಆ ಕಾಲದಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಭಾಮೈದ ಬಿಡದಿಯಲ್ಲಿ ಇದ್ದಾನೆ ಎಂದರೆ ಮಳೆ ಯಾವಾಗ ಬರುತ್ತದೆ ಎಂಬುದನ್ನೂ ಅವನನ್ನೇ ಕೇಳುತ್ತಿದ್ದರು.

ನಾನು ಮನೆಗೆ ಬಂದು ಇದನ್ನು ನನ್ನ ಓರಗಿತ್ತಿ ಜಯಮ್ಮಕ್ಕನಿಗೆ, ಅಂದರೆ ನಿಮ್ಮ ದೊಡ್ಡಜ್ಜಿಗೆ ಹೇಳಿದೆ. ರಾಗಿ ಕಾಳು, ಕೇಳಿಸಿಕೊಳ್ಳುವುದು, ಕಳಿಸುವುದು ಯಾವುದೂ ಅವರ ತಲೆಗೆ ಹೋಗಲಿಲ್ಲ. ಸೊಪ್ಪು ಬಿಡಿಸುತ್ತ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ, "ಅಂಗಂದ್ರೆ ಅದಕ್ಕೆ ಮದ್ದು ಮಡಗವ್ರೆ ಅನ್ನು," ಎಂದರು.

ನಾಗ ಗಂಟೆಗಟ್ಟಲೆ ಹೇಳಿದ್ದರೂ ಅರ್ಥವಾಗದಿದ್ದುದು ಈ ಒಂದು ಮಾತಿನಿಂದ ಊರಿಗೆಲ್ಲ ಅರ್ಥವಾಯಿತು. ನಿಮಗೆ ಮದ್ದು ಎಂದರೆ ಡಾಕ್ಟರು ಕೊಡುವ ಔಷಧ. ನಮ್ಮ ಕಡೆ ಇನ್ನೊಂದು ಮದ್ದಿದೆ. ಆಗದವರು ಊಟದಲ್ಲೋ ಕಾಫಿಯಲ್ಲೋ ಗುಟ್ಟಾಗಿ ಬೆರೆಸಿ ಹಾಕುತ್ತಾರಂತೆ. ಹೊಟ್ಟೆಗೆ ಹೋದದ್ದು ಕರಗುವುದಿಲ್ಲವಂತೆ, ಒಂದು ಮೂಲೆ ಹಿಡಿದು ಕೂರುತ್ತದಂತೆ. ಮೈ ಸೊರಗಿದರೆ ಮದ್ದು, ಊಟ ಸೇರದಿದ್ದರೆ ಮದ್ದು, ಸೊಸೆಯ ಮಾತನ್ನು ಮಗ ಕೇಳತೊಡಗಿದರೆ ಅದೂ ಮದ್ದೇ. ಅದನ್ನು ತೆಗೆಯುವವರು ಇರುತ್ತಾರೆ. ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿ, ಬಾಳೆಲೆಯ ಮೇಲೆ ಏನನ್ನೋ ತೋರಿಸಿ, "ನೋಡಿ, ಇದೇ" ಎನ್ನುತ್ತಾರೆ. ನಾನು ಚಿಕ್ಕವಳಾಗಿದ್ದಾಗ ನಮ್ಮವ್ವನ ಜೊತೆ ಸಾತನೂರಿನ ಆಚೆ ಒಂದು ಹಳ್ಳಿಗೆ ಹೋಗಿ ಇದನ್ನು ನೋಡಿದ್ದೇನೆ. ತೆಗೆಯುವವರು ಒಂದು ಮಾತನ್ನು ಮಾತ್ರ ತಪ್ಪದೆ ಹೇಳುತ್ತಾರೆ: ಅರ್ಧ ಬಂದಿದೆ, ಇನ್ನರ್ಧ ಕರುಳಿಗೆ ಅಂಟಿಕೊಂಡಿದೆ, ಮುಂದಿನ ಅಮಾವಾಸ್ಯೆಗೆ ಬನ್ನಿ. ಮದ್ದು ಯಾವತ್ತೂ ಪೂರ್ತಿ ಬಂದುಬಿಡುವುದಿಲ್ಲ. ಬಂದುಬಿಟ್ಟರೆ ಅದು ಮದ್ದೇ ಅಲ್ಲ.

ನಿಮ್ಮಮ್ಮ ಓದಿದವಳು. ಮದ್ದಿಲ್ಲ ಎಂದು ತೋರಿಸಿಬಿಟ್ಟರೆ ಮುಗಿಯಿತು ಎಂದುಕೊಂಡಳು. ಹುಡುಗಿಯರ ಅಪ್ಪ ಅಮ್ಮಂದಿರನ್ನೂ ನಾಗನನ್ನೂ ಕರೆಸಿ, ಎಲ್ಲರ ಎದುರಿಗೆ ಕಂಪ್ಯೂಟರಿನ ದೊಡ್ಡ ಡಬ್ಬದ ತಿರುಪು ಬಿಚ್ಚಿ ಮುಚ್ಚಳ ತೆಗೆದಳು. ಬಾಣಂತಿಯ ಕೋಣೆ ಇಣುಕುವವರ ಹಾಗೆ ಎಲ್ಲರೂ ಹಿಂಜರಿಯುತ್ತ ಇಣುಕಿದರು. ಒಳಗೆ ಧೂಳು, ತಂತಿ, ಹಸಿರು ಹಲಗೆ. ಅದರ ಮೇಲೆ ರಾಗಿ ಕಾಳಿನಷ್ಟಿರುವವು ಒಂದಲ್ಲ ಎರಡಲ್ಲ, ಬಿತ್ತನೆಗೆ ಸಾಲುವಷ್ಟಿದ್ದವು. ಒಂದು ಪಕ್ಕದಲ್ಲಿ ದುಂಡಗೆ ಕಪ್ಪಗೆ ಒಂದು ವಸ್ತು ಕೂತಿತ್ತು.

"ಇದೇನವ್ವ?" ಎಂದ ನಾಗ.

"ಸ್ಪೀಕರು. ಸ್ವಿಚ್ ಹಾಕ್ದಾಗ ಕುಂಯ್ ಅನ್ನುತ್ತಲ್ಲ, ಅದು."

"ಬಾಯಿ ಇದ್ದ ಮೇಲೆ ಕಿವಿ ಇರಾಕಿಲ್ವಾ? ಮತ್ತೆ ಇದು?"

"ಬ್ಯಾಟರಿ. ಕರೆಂಟು ಹೋದಾಗ್ಲೂ ಟೈಮು ತಪ್ಪಬಾರ್ದು ಅಂತ."

ನಿಮ್ಮಮ್ಮ ಇದನ್ನು ಹೇಳಲೇಬಾರದಿತ್ತು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಸ್ವಿಚ್ಚು ತೆಗೆದ ಮೇಲೂ, ಕರೆಂಟೇ ಇಲ್ಲದಾಗಲೂ, ಒಳಗೆ ಒಂದು ಎಚ್ಚರವಾಗಿಯೇ ಇರುತ್ತದೆ ಎಂದಾಯಿತು. ಪಾಪ, ಅವಳು ಆ ದುಂಡನೆಯ ಸ್ಪೀಕರನ್ನೇ ಕಿತ್ತು ನಾಗನ ಅಂಗೈಯಲ್ಲಿಟ್ಟಳು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ತೋರ್ಸಕ್ಕೆ ಅಂತ ಒಂದು ಮಡಗಿರ್ತಾರೆ ಕಣವ್ವ. ನಿಜವಾದ್ದು ಬೇರೆ ಇರ್ತದೆ," ಎಂದ. ಇದಕ್ಕೆ ಫೋನಿನ ತಂತಿಯೇ ಇಲ್ಲವಲ್ಲ, ಹೇಗೆ ಕಳಿಸುತ್ತದೆ ಎಂದು ಅವಳು ಕೇಳಿದಳು. "ಕರೆಂಟ್ ತಂತಿ ಐತಲ್ಲ. ಅದೇ ತಂತಿ ತಾನೆ ಬಿಡದೀಗೂ ಹೋಗೋದು?" ಎಂದ. ಅನುಮಾನದ ಮುಂದೆ ಪೆಟ್ಟಿಗೆ ತೆರೆಯಬಾರದು ಮಕ್ಕಳೇ. ಮುಚ್ಚಿದ ಪೆಟ್ಟಿಗೆಯಲ್ಲಿ ಒಂದೇ ಅನುಮಾನ ಇರುತ್ತದೆ. ತೆರೆದ ಪೆಟ್ಟಿಗೆಯಲ್ಲಿ ಎಷ್ಟು ಸಾಮಾನು ಇದೆಯೋ ಅಷ್ಟು.

ಆಮೇಲೆ ನಮ್ಮ ಪಡಸಾಲೆಯಲ್ಲಿ ನಡೆದದ್ದನ್ನು ನೆನೆದರೆ ನನಗೆ ಈಗ ನಗು ಬರುತ್ತದೆ, ಆಗ ಬರಲಿಲ್ಲ. ಮನೆಯವರೆಲ್ಲ ಕಂಪ್ಯೂಟರಿನ ಎದುರು ಬಹಳ ಒಳ್ಳೆಯವರಾಗಿಬಿಟ್ಟರು. ಭಾವ ಆಳುಗಳನ್ನು ಬಯ್ಯಬೇಕಿದ್ದರೆ ಜಗಲಿಗೆ ಎದ್ದು ಹೋಗಿ ಬಯ್ದು ಬಂದು ಕೂರುತ್ತಿದ್ದರು. ಅಡುಗೆಮನೆಯಲ್ಲಿ ನೆಂಟರನ್ನು ಸೀಗೆಪುಡಿ ಹಾಕಿ ಉಜ್ಜುತ್ತಿದ್ದ ಜಯಮ್ಮಕ್ಕ ಪಡಸಾಲೆಗೆ ಬಂದ ಕೂಡಲೇ, "ಅವ್ರೂ ಒಳ್ಳೆ ಜನವೇ ಬುಡು," ಎಂದು ಜೋರಾಗಿ ಹೇಳುತ್ತಿದ್ದರು. ಸರ್ಕಾರದ ವಿಚಾರ ಬಂದರಂತೂ ಎಲ್ಲರ ಬಾಯಲ್ಲೂ ಹೊಗಳಿಕೆ. ಒಂದು ವಸ್ತು ಕದ್ದು ಕೇಳುತ್ತಿದೆ ಎಂದುಕೊಂಡರೆ ಮನೆ ಎಷ್ಟು ಸೌಖ್ಯವಾಗಿರುತ್ತದೆ ಎಂದು ನಾನು ಅಂದುಕೊಂಡೆ. ಆದರೆ ಆ ಸೌಖ್ಯದಲ್ಲಿ ಯಾರಿಗೂ ಊಟ ಸೇರುತ್ತಿರಲಿಲ್ಲ. ಒಬ್ಬೊಬ್ಬರೂ ಕೂತಲ್ಲಿಂದ ಏಳುವುದು, ಎದ್ದಲ್ಲಿಂದ ಕೂರುವುದು. ಹುಡುಗಿಯರು ಒಬ್ಬಿಬ್ಬರಾಗಿ ಬರುವುದು ನಿಂತಿತು. ಚಪ್ಪಲಿಯ ರಾಶಿ ಸಣ್ಣದಾಯಿತು.

ಜಮೀನಿನ ಮಾತು ಬೇರೆ ಆಗ ಮನೆಯಲ್ಲಿ ನಡೆಯುತ್ತಿತ್ತು. ಬ್ರೋಕರುಗಳು ಬೈಕಿನಲ್ಲಿ ಊರೂರು ಸುತ್ತುತ್ತಿದ್ದ ಕಾಲ. ಯಾವ ತುಂಡು ಕೊಡುವುದು, ಯಾವುದು ಕೊಡಬಾರದು, ಕೊಡುವುದೋ ಬೇಡವೋ ಎಂದು ಭಾವ ನೆಂಟರೊಬ್ಬರನ್ನು ಕೂರಿಸಿಕೊಂಡು ಚರ್ಚೆ ಮಾಡುತ್ತಿದ್ದರು. ಕಂಪ್ಯೂಟರಿಗೆ ಕೇಳಬಾರದು ಎಂದು ಅವರು ಮಾಡಿದ ಉಪಾಯ ಏನು ಗೊತ್ತೇ? ದನದ ಜಾತ್ರೆಯಲ್ಲಿ ವ್ಯಾಪಾರ ಮಾಡುವಾಗ ಪಕ್ಕದವರಿಗೆ ಗೊತ್ತಾಗದಂತೆ ಇಬ್ಬರೂ ಟವೆಲಿನ ಕೆಳಗೆ ಕೈ ಇಟ್ಟು ಬೆರಳು ಹಿಡಿದೇ ರೇಟು ಹೇಳುತ್ತಾರೆ. ಅದನ್ನೇ ನಮ್ಮ ಪಡಸಾಲೆಯಲ್ಲಿ ಮಾಡಿದರು. ಕಂಪ್ಯೂಟರಿಗೆ ಬೆನ್ನು ಹಾಕಿ ಕೂತು, ಟವೆಲಿನ ಕೆಳಗೆ ಬೆರಳು ಹಿಡಿದು ಜಮೀನಿನ ಮಾತು. ಬೆರಳಿಗೆ ನಿಲುಕದ ಮಾತು ಬಂದರೆ ಮಾತ್ರ ಬಾಗಿ ಕಿವಿಯಲ್ಲಿ ಪಿಸುಗುಡುವುದು.

ಇಷ್ಟೆಲ್ಲ ಮಾಡಿದ ಮಾರನೆಯ ದಿನ ಬ್ರೋಕರು ಬಂದು ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತ, "ಹುಣಸೆಮರದ ಹೊಲ ಮಾತ್ರ ಕೊಡಲ್ಲ, ತಮ್ಮನ ಕಾಲದ್ದು ಅಂದ್ರಂತೆ. ಆಗ್ಲಿ, ಕೆಳಗಿನ ತುಂಡಿನ ಮಾತಾಡಣ," ಎಂದ.

ಭಾವನ ಮುಖ ಬಿಳಿಚಿಕೊಂಡಿತು. ಅವನು ಹೋದ ಮೇಲೆ ಪಡಸಾಲೆಯ ಮಧ್ಯೆ ನಿಂತು ತೀರ್ಪು ಕೊಟ್ಟರು. "ಸೋಮವಾರ ಆಟೋ ತರ್ಸಿ. ಈ ಶನಿಯನ್ನ ಚನ್ನಪಟ್ಣದ ಗುಜರಿಗೆ ಹಾಕಿ ಬನ್ನಿ. ಇನ್ನು ಈ ಮನೇಲಿ ಕ್ಲಾಸೂ ಇಲ್ಲ, ಗೀಸೂ ಇಲ್ಲ."

ನಿಮ್ಮಪ್ಪ ಶಿಫ್ಟು ಮುಗಿಸಿ ಬಂದವನು ಕೇಳಿಸಿಕೊಂಡು ತಲೆ ತಗ್ಗಿಸಿದ. "ದೊಡ್ಡಪ್ಪ ಹೇಳಿದ್ ಮೇಲೆ ಮುಗೀತು," ಎಂದ. ನಿಮ್ಮಮ್ಮ ಅಳಲಿಲ್ಲ. ಹತ್ತಿ ತಂದು ಕಂಪ್ಯೂಟರಿನ ಒಂದೊಂದೇ ಗುಂಡಿಯನ್ನು ಒರೆಸತೊಡಗಿದಳು, ಮಾರಾಟಕ್ಕೆ ಹೊರಟ ಹಸುವಿನ ಮೈ ತೊಳೆದ ಹಾಗೆ. ನಾನು ಒಲೆಯಿಂದ ಹಿತ್ತಲಿಗೆ, ಹಿತ್ತಲಿಂದ ಹುಳುಮನೆಗೆ ಸುಮ್ಮನೆ ಓಡಾಡಿದೆ. ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ ಬಂದವಳು ಮರೆತು ಮತ್ತೆ ಹಾಕಿದೆ.

ಯಾಕೆಂದರೆ ಗುಟ್ಟು ಹೇಗೆ ಹೊರಗೆ ಹೋಯಿತು ಎಂಬುದು ನನಗೆ ಗೊತ್ತಿತ್ತು. ನನಗೊಬ್ಬಳಿಗಲ್ಲ, ಅರ್ಧ ಊರಿಗೆ ಗೊತ್ತಿತ್ತು.

ಭಾವನಿಗೆ ಕಿವಿ ಮಂದವಾಗಿತ್ತು. ವರ್ಷಗಟ್ಟಲೆ ಡೀಸೆಲ್ ಪಂಪಿನ ಪಕ್ಕ ಕೂತದ್ದಕ್ಕೋ, ವಯಸ್ಸಿಗೋ, ಒಸಿ ಒಸಿಯಾಗಿ ಹೋಗಿತ್ತು. ಒಂದೇ ಸಲ ಹೋಗಿದ್ದರೆ ಗಮನಕ್ಕೆ ಬರುತ್ತಿತ್ತು. ಮೆಲ್ಲಗೆ ಹೋದ ಕಾರಣ ಎಲ್ಲರೂ ತಮ್ಮ ಧ್ವನಿ ಏರಿಸಿಕೊಂಡು ಹೊಂದಿಕೊಂಡರು. ಯಜಮಾನನಿಗೆ, "ನಿಮಗೆ ಕಿವಿ ಕೇಳದು" ಎಂದು ಹೇಳುವವರು ಯಾರು? ಕಿವಿ ಕೇಳದವರಿಗೆ ಇನ್ನೊಂದು ತೊಂದರೆ ಇದೆ: ತಾವು ಪಿಸುಗುಟ್ಟಿದ್ದು ಎಷ್ಟು ಜೋರಾಗಿದೆ ಎಂಬುದೂ ಅವರಿಗೆ ಕೇಳಿಸುವುದಿಲ್ಲ. ಟವೆಲಿನ ಕೆಳಗೆ ಬೆರಳು ಅಡಗಿಸಿಟ್ಟು ಭಾವ ನೆಂಟರ ಕಿವಿಯಲ್ಲಿ ಪಿಸುಗುಟ್ಟಿದರಲ್ಲ, "ಹುಣಸೆಮರದ ಹೊಲ ಬ್ಯಾಡ, ಅದು ನನ್ ತಮ್ಮನ ಕಾಲದ್ದು" ಎಂದು, ಆಗ ನಾನು ಡೈರಿಯ ಸಾಲಿನಲ್ಲಿದ್ದೆ. ಅಲ್ಲಿಗೆ ಸ್ಪಷ್ಟವಾಗಿ ಕೇಳಿಸಿತು. ಸಾಲಿನಲ್ಲಿದ್ದವರೆಲ್ಲ ತಂತಮ್ಮ ಕ್ಯಾನಿನೊಳಗೆ ನೋಡುತ್ತ, ಕೇಳಿಸಲೇ ಇಲ್ಲವೆಂಬಂತೆ ನಿಂತರು. ಡೈರಿಯ ಪಕ್ಕದ ಅಂಗಡಿಯಲ್ಲಿ ಆ ಬ್ರೋಕರು ಟೀ ಕುಡಿಯುತ್ತಿದ್ದ. ಅವನೂ ಲೋಟದೊಳಗೆ ನೋಡುತ್ತಿದ್ದ.

ಇದನ್ನು ಕಿವಿಯಾರೆ ಕೇಳಿದ ಜನವೇ ಕಂಪ್ಯೂಟರಿನ ಹೊಟ್ಟೆಯಲ್ಲಿ ಮದ್ದಿದೆ ಎಂದೂ ನಂಬುತ್ತಿದ್ದರು. ಎರಡೂ ಒಟ್ಟಿಗೆ ಹೇಗೆ ಎಂದು ನಾನು ಬಹಳ ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು. ನಿಜವಾದ ಕಾರಣ ಹೇಳಬೇಕಾದರೆ ಹಿರಿಯರೊಬ್ಬರ ಮುಖಕ್ಕೆ ಹೇಳಬೇಕು, ಅವರ ಮುಖ ಬಾಡುವುದನ್ನು ನೋಡಬೇಕು. ಕಂಪ್ಯೂಟರಿಗೆ ಮುಖವಿಲ್ಲ. ಅದರ ಮೇಲೆ ಏನು ಹೊರಿಸಿದರೂ ಅದು ಬಾಡುವುದಿಲ್ಲ. ಊರಿನವರು ಅದನ್ನು ಬೈದದ್ದು ದ್ವೇಷಕ್ಕಲ್ಲ, ಮರ್ಯಾದೆಗೆ. ಆದರೆ ಆ ಮರ್ಯಾದೆ ನಿಮ್ಮಮ್ಮನ ತಲೆಯ ಮೇಲೆ ಬಿತ್ತು.

ಜಯಮ್ಮಕ್ಕನಿಗೆ ಹೇಳಿ ನೋಡಿದೆ. "ಅಕ್ಕ, ನೀವಾದ್ರೂ ಭಾವಂಗೆ ಒಂದು ಮಾತು ಹೇಳಿ."

"ಏನಂತ? ನಿಮ್ ಕಿವಿ ಹೋಗದೆ ಅಂತ್ಲಾ? ನಂಗೇನು ಈ ಮನೇಲಿ ಬಾಳದು ಬ್ಯಾಡ್ವಾ ನಿಂಗಿ?" ಎಂದು ಅವರು ಮುದ್ದೆ ತಿರುವುವ ಕೋಲನ್ನು ಮೇಲೆತ್ತಿದರು. "ಬೇಕಾದ್ರೆ ನೀನೇ ಯೋಳ್ಕೊ. ನಿನ್ ಕಂಬ ಐತಲ್ಲ."

ಭಾನುವಾರ ಬೆಳಗ್ಗೆ ಭಾವ ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದರು. ನಿಮ್ಮಮ್ಮ ಮೂಲೆಯಲ್ಲಿ ಇನ್ನೂ ಏನನ್ನೋ ಒರೆಸುತ್ತಿದ್ದಳು. ನಾನು ಕಂಬದ ಹತ್ತಿರ ಹೋಗಿ, ಸೆರಗು ಸರಿಮಾಡಿಕೊಂಡು, ಇದ್ದ ವಿಷಯವನ್ನು ಮೆಲ್ಲಗೆ ಕಂಬಕ್ಕೆ ಹೇಳಿದೆ. ಪೂರ್ತಿ ಹೇಳಿದೆ. ಮುಗಿಸಿ ಕತ್ತೆತ್ತಿ ನೋಡಿದರೆ ಭಾವ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದರು. ಒಂದು ಅಕ್ಷರವೂ ಅವರಿಗೆ ಮುಟ್ಟಿರಲಿಲ್ಲ. ಕಂಬದ ಪದ್ಧತಿ ಮಾಡಿದ ಹಿರಿಯರು ಭಾವನಿಗೆ ಕಿವಿ ಮಂದವಾದರೆ ಏನು ಮಾಡಬೇಕು ಎಂದು ಹೇಳಿಹೋಗಿಲ್ಲ. ಕಂಬದ ಮುಂದೆ ಕಿರುಚಿದರೆ ಹುಚ್ಚು ಹಿಡಿದಿದೆ ಎನ್ನುತ್ತಾರೆ.

ವಾಪಸು ಹೊರಟವಳು ಮೂಲೆಯ ಕಡೆ ನೋಡಿದೆ. ಗುಂಡಿಗಳು ಮಿರಮಿರ ಮಿಂಚುತ್ತಿದ್ದವು. ಯಾಕೋ ಕಾಲು ಅಡುಗೆಮನೆಗೆ ಹೋಗಲಿಲ್ಲ, ಅಲ್ಲಿಗೆ ಹೋಯಿತು. ಕೇಳಿಸಿಕೊಳ್ಳುತ್ತದೆ ಎಂದು ಊರಿಗೆ ಊರೇ ಹೇಳುತ್ತಿರುವ ವಸ್ತು. ಅದರ ಜೊತೆ ಮಾತಾಡಿದರೆ ಯಾರು ತಪ್ಪು ಹಿಡಿದಾರು? ಎದುರಿಗೆ ನಿಂತೆ.

"ಕೇಳಪ್ಪ ಕಂಪ್ಯೂಟರು," ಎಂದೆ. ಧ್ವನಿ ನನ್ನದೇ ಎಂದು ಗೊತ್ತಾಗದಷ್ಟು ಜೋರಾಗಿ ಬಂತು. ಭಾವ ತಿರುಗಿ ನೋಡಿದ್ದು ನನ್ನ ಬೆನ್ನಿಗೆ ತಿಳಿಯಿತು. ಇನ್ನು ನಿಲ್ಲಿಸಿದರೆ ಜನ್ಮದಲ್ಲಿ ಆಗದು ಎಂದು ಮುಂದುವರಿಸಿದೆ. "ನೀನು ಕದ್ದು ಕೇಳಿ ಹೊರಗೆ ಯೋಳ್ತೀಯ ಅಂತ ಊರೆಲ್ಲ ಅಂತದೆ. ಕೇಳಂಗಿದ್ರೆ ಇದನ್ನೂ ಕೇಳಿಸ್ಕೊ. ಈ ಮನೆ ಯಜಮಾನ್ರಿಗೆ ಕಿವಿ ಮಂದ ಆಗೈತೆ. ಅವ್ರು ಗುಟ್ಟು ಅಂತ ಆಡಿದ್ದು ಡೈರಿ ತಂಕ ಕೇಳ್ತದೆ. ಕ್ಯಾನು ಹಿಡ್ಕೊಂಡು ನಿಂತು ನಾನೇ ಕೇಳಿದ್ದೀನಿ. ಆ ಬ್ರೋಕರೂ ಅಲ್ಲೇ ಟೀ ಕುಡೀತಾ ಕೇಳ್ದ. ನೀನು ಪಾಪ ಏನೂ ಮಾಡಿಲ್ಲ. ನಿನ್ನ ಒರೆಸ್ತಾ ಕೂತಿರೋ ಆ ಮಗೀನೂ ಏನೂ ಮಾಡಿಲ್ಲ."

ನಿಮ್ಮಮ್ಮನ ಕೈಯ ಹತ್ತಿ ನಿಂತಿತು. ಅಡುಗೆಮನೆಯಲ್ಲಿ ಕೋಲು ತಿರುವುವ ಸದ್ದೂ ನಿಂತಿತು. ನಾನು ತಿರುಗಿ ನೋಡಲಿಲ್ಲ. ಬೆನ್ನ ಹಿಂದೆ ಭಾವನ ಧ್ವನಿ ಕೇಳಿಸಿತು. ಅವರೂ ಪದ್ಧತಿ ಬಿಡುವವರಲ್ಲ.

"ಡೈರಿ ತಂಕಾನಾ ಅಂತ ಕೇಳು ಅದನ್ನ."

"ಡೈರಿ ತಂಕ," ಎಂದೆ ಕಂಪ್ಯೂಟರಿಗೆ. "ಗಾಳಿ ಈ ಕಡೆಯಿಂದ ಬೀಸುದ್ರೆ ಅರಳಿಕಟ್ಟೆ ತಂಕ."

"ಯಾವಾಗಿಂದ ಅಂತ ಕೇಳು."

"ಬೋರ್ ಹಾಕ್ಸಿದ ವರ್ಷದಿಂದ."

ಆಮೇಲೆ ಭಾವ ಕುರ್ಚಿಯಿಂದ ಎದ್ದರು. "ಒಬ್ಬ ಬಡ್ಡೀಮಗ್ನೂ ಬಾಯಿ ಬುಡ್ನಿಲ್ವಲ್ಲ ಇಷ್ಟು ದಿನ," ಎಂದು, ಇನ್ನೂ ನಾಲ್ಕು ಬೈಗುಳ ಸೇರಿಸಿ, ಹೊಲದ ಕಡೆ ಹೋದರು. ಅಷ್ಟು ದಿನದಲ್ಲಿ ಅವರು ಕಂಪ್ಯೂಟರಿನ ಎದುರು ಬೈದದ್ದು ಅದೇ ಮೊದಲು. ಬೈಗುಳ ಕೇಳಿ ನನಗೆ ಜೀವ ಬಂದಂತಾಯಿತು. ಆದರೂ ಬೆಳಗಾಗುವವರೆಗೆ ಏನಾಗುತ್ತದೋ ಗೊತ್ತಿರಲಿಲ್ಲ.

ಸೋಮವಾರ ಆಟೋ ಬಂದು ಮನೆಯ ಮುಂದೆ ನಿಂತಿತು. ನಿಮ್ಮಮ್ಮ ಕಂಪ್ಯೂಟರಿಗೆ ಹಳೆಯ ಸೀರೆ ಸುತ್ತಿಟ್ಟು ಬಾಗಿಲಲ್ಲಿ ನಿಂತಿದ್ದಳು. ಭಾವ ಒಗೆದ ಪಂಚೆ ಉಟ್ಟು, ತಲೆಗೆ ಟವೆಲು ಸುತ್ತಿ ಹೊರಗೆ ಬಂದರು. ಪಡಸಾಲೆಯ ಮೂಲೆಯ ಕಡೆ ನೋಡಲೇ ಇಲ್ಲ. ತಾವೇ ಹೋಗಿ ಆಟೋದಲ್ಲಿ ಕೂತರು.

"ಬಾರವ್ವ ಸವಿತ. ರಾಮನಗರದಲ್ಲಿ ಕಿವಿ ಡಾಕ್ಟ್ರು ಎಲ್ಲವ್ರೆ ಅಂತ ನಿಂಗೆ ಗೊತ್ತಿರ್ಬೇಕಲ್ಲ," ಎಂದರು.

ನಿಮ್ಮಮ್ಮ ಚಪ್ಪಲಿ ಮೆಟ್ಟುವುದನ್ನೂ ಮರೆತು ಆಟೋ ಹತ್ತಿದಳು.

ಒಂದಷ್ಟು ಸಲ ಓಡಾಡಿದ ಮೇಲೆ ಭಾವನ ಕಿವಿಗೆ ಮಿಷನ್ನು ಬಂತು. ಮೈಬಣ್ಣದ್ದೇ, ಹುಣಸೆಬೀಜಕ್ಕಿಂತ ಒಸಿ ದೊಡ್ಡದು, ಒಳಗೊಂದು ಪುಟಾಣಿ ಬ್ಯಾಟರಿ. ಕಿವಿಯ ಹಿಂದೆ ಸಿಕ್ಕಿಸಿ ಮೇಲೆ ಟವೆಲು ಸುತ್ತಿಬಿಟ್ಟರೆ ಯಾರಿಗೂ ಕಾಣದು. ನೋಡಿ ಮಕ್ಕಳೇ, ಊರೆಲ್ಲ ಹೆದರಿದ ವಸ್ತು ಕೊನೆಗೂ ನಮ್ಮ ಮನೆಗೆ ಬಂತು, ಯಜಮಾನರ ತಲೆಯ ಮೇಲೇ ಕೂತು. ಹೊರಗೆ ಯಾರಿಗೂ ಹೇಳಬಾರದು ಎಂದು ಭಾವನ ಕಟ್ಟಪ್ಪಣೆ. ಊರಿನವರು ಎಂದಿನಂತೆ ಅವರ ಬೆನ್ನ ಹಿಂದೆ ಜೋರಾಗಿಯೇ ಮಾತಾಡುತ್ತಿದ್ದರು. ಅವರು ಎಂದಿನಂತೆ ಕೇಳದವರ ಹಾಗೆ ಕೂತಿರುತ್ತಿದ್ದರು. ಮನೆಗೆ ಬಂದು ಒಂದೊಂದಾಗಿ ಹೇಳಿ ನಗುತ್ತಿದ್ದರು. ಬ್ರೋಕರು ಒಂದು ದಿನ ಜಗಲಿಯಲ್ಲಿ ಕೂತು ತನ್ನ ಜೊತೆಗಾರನಿಗೆ, "ಈ ಮುದುಕನ್ನ ಒಪ್ಸುದ್ರೆ ಸಾಕು, ಮಿಕ್ಕವ್ರು ದನ ಬಂದಂಗೆ ಹಿಂದೆ ಬತ್ತಾರೆ," ಎಂದನಂತೆ. "ಮುದುಕನ್ನ ಒಪ್ಸೋದು ಒಸಿ ಕಷ್ಟ ಕಣಪ್ಪ," ಎಂದು ಭಾವ ಮೆಲ್ಲಗೆ ಹೇಳಿದರು. ಆ ಮಾತು ಡೈರಿಯವರೆಗೆ ಕೇಳಿಸಲಿಲ್ಲ. ಬ್ರೋಕರನ ಬೈಕು ಆಮೇಲೆ ನಮ್ಮ ಬೀದಿಯಲ್ಲಿ ಬಹಳ ದಿನ ಕಾಣಲಿಲ್ಲ.

ಹುಡುಗಿಯರ ಮನೆಗಳಿಗೆ ಜಯಮ್ಮಕ್ಕನೇ ಹೋಗಿ ಬಂದರು. ಮದ್ದು ತೆಗೆಸಿದ್ದಾಯಿತು, ಪೂರ್ತಿ ಬಂತು ಎಂದು ಹೇಳಿದರಂತೆ. ಹಾಗೆ ಸುಳ್ಳು ಹೇಳಬಹುದೇ ಎಂದು ನಿಮ್ಮಮ್ಮ ಕೇಳಿದ್ದಕ್ಕೆ, "ಸುಳ್ಳೇನವ್ವ? ತೆಗೆಸಿದ್ದು ಹೌದಲ್ಲ, ಯಾರ ಹೊಟ್ಟೆಯಿಂದ ಅಂತ ನಾನೇನು ಯೋಳಿಲ್ಲ," ಎಂದರು. ಎಲ್ಲರೂ ವಾಪಸು ಬರಲಿಲ್ಲ. ಒಬ್ಬಳಿಗೆ ಅಷ್ಟರಲ್ಲಿ ಮದುವೆ ನಿಶ್ಚಯವಾಗಿತ್ತು, ಇನ್ನೊಬ್ಬಳು ಗಾರ್ಮೆಂಟ್ಸ್ ಬಸ್ಸು ಹತ್ತಿದ್ದಳು. ಉಳಿದವರು ಬಂದರು. ಜೊತೆಗೆ ಹೊಸಬರೂ ಸೇರಿಕೊಂಡು, ಇದ್ದ ಕುರ್ಚಿಗಳು ಸಾಲದೆ ನೆಲದಲ್ಲಿ ಕೂತು ಸರದಿ ಕಾಯತೊಡಗಿದರು.

ಕಷ್ಟವಾದದ್ದು ನನಗೆ. ಭಾವನಿಗೆ ಈಗ ಅಡುಗೆಮನೆಯ ಪಿಸುಮಾತೂ ಕೇಳುತ್ತದೆ. ನಾನೂ ಜಯಮ್ಮಕ್ಕನೂ ನೆಂಟರ ಮೇಲೆ ಮಾತಾಡಬೇಕೆಂದರೆ ಹಿಪ್ಪುನೇರಳೆ ತೋಟದ ಒಳಗೆ ಹೋಗಬೇಕು. ಯೋಚಿಸಿದರೆ, ನಮ್ಮ ಮನೆಯಲ್ಲಿ ಕದ್ದು ಕೇಳುವ ಯಂತ್ರ ಮೊದಲಿಂದ ಇದ್ದೇ ಇತ್ತು. ಬಾಗಿಲ ಮರೆಯಲ್ಲಿ ನಿಂತ ನಾನೇ ಅದು. ಇಷ್ಟು ವರ್ಷ ಎಲ್ಲರದೂ ಕೇಳಿಸಿಕೊಂಡಿದ್ದೇನೆ, ಎಲ್ಲಿಗೂ ಕಳಿಸಿಲ್ಲ. ಯಾರೂ ಹೆದರಲೂ ಇಲ್ಲ, ಯಾರೂ ಕೇಳಲೂ ಇಲ್ಲ.

ಆ ದಿನಗಳಲ್ಲೇ ಒಂದು ಸಂಜೆ ಪಡಸಾಲೆಯಲ್ಲಿ ಹುಡುಗಿಯರು ಟೈಪು ಮಾಡುತ್ತಿದ್ದರು. ನಾನು ಎಂದಿನಂತೆ ಒಳಗೂ ಹೊರಗೂ ಓಡಾಡುತ್ತಿದ್ದೆ. ಭಾವ ನೇರವಾಗಿ ನನ್ನನ್ನೇ ನೋಡಿ, "ಯಾಕವ್ವ ನಿಂಗಮ್ಮ, ಒಂದು ಗಳಿಗೆ ನಿಲ್ಲಾಕಿಲ್ವಲ್ಲ ನೀನು? ಏನಾಗ್ಬೇಕು ಯೋಳು," ಎಂದರು.

ಕೇಳಿಸಿಕೊಂಡೇ ಅಭ್ಯಾಸವಾದವಳಿಗೆ ಕೇಳಿಸಿಕೊಳ್ಳುವವರೊಬ್ಬರು ಎದುರಿಗೆ ಬಂದು ಕೂತರೆ ಬಹಳ ಪೇಚು. ಹೇಳಬೇಕೆಂದು ಕೂಡಿಟ್ಟದ್ದೆಲ್ಲ ಆ ಹೊತ್ತಿಗೆ ಎಲ್ಲಿ ಹೋಯಿತೋ. ಸೆರಗಿನ ತುದಿ ತಿರುಚುತ್ತ, ಮೆಲ್ಲಗೆ, "ಹುಡುಗೀರು ನೆಲದಲ್ಲಿ ಕೂತವ್ರೆ. ಒಂದು ಬೆಂಚಾದ್ರೂ ಬೇಕಾಗಿತ್ತು," ಎಂದೆ.

ಮಾರನೆಯ ದಿನ ಬೆಂಚು ಬಂತು. ಇಷ್ಟು ಸುಲಭ ಎಂದು ಗೊತ್ತಿದ್ದರೆ ಇನ್ನೂ ದೊಡ್ಡದನ್ನೇ ಕೇಳಬಹುದಿತ್ತು.